ಓದುಗರ ಪ್ರಶ್ನೆಗೆ ಉತ್ತರ: ಜಪಾನಿನ ಆಧುನಿಕತೆ ಎರವಲೇ?

ಪ್ರಶ್ನೆ: ಶೋಗನ್ ಸೇನಾಧಿಪತಿಗಳ ಆಳ್ವಿಕೆ ಮುಗಿದು ಚಕ್ರವರ್ತಿಯ ಹೆಸರಿನ ಆಡಳಿತ ಬಂದ 1868ರ ಮೇಜಿ ಪರಿವರ್ತನೆಯ ಬಳಿಕ ಜಪಾನ್ ಪಶ್ಚಿಮವನ್ನು ನಕಲು ಮಾಡಿ ಮುಂದುವರಿಯಿತೆಂದು ಕೆಲವರೂ, ಪ್ರಾಚೀನ ಸಂಸ್ಕೃತಿಯ ಬಲದಿಂದಲೇ ಆಧುನಿಕವಾಯಿತೆಂದು ಕೆಲವರೂ ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಕಲು ಮಾಡುವುದಕ್ಕೂ ಕೈ ಪಳಗಿರಬೇಕು. 1799ರಲ್ಲಿ ಕುರುಮೆಯಲ್ಲಿ ಹುಟ್ಟಿದ ತನಾಕ ಹಿಸಾಶಿಗೆ ಎಂಬ ಕುಶಲಕರ್ಮಿ ಮೊದಲು ಹೆಸರಾದದ್ದು ತಾನಾಗಿಯೇ ಬಾಣ ಎತ್ತಿ ಬಿಲ್ಲಿಗೆ ಹೂಡುವ ಯಂತ್ರಬೊಂಬೆಗಳಿಂದ. 1851ರಲ್ಲಿ ಅವನು ಕಟ್ಟಿದ ಗಡಿಯಾರದ ಒಂದು ಮುಖ ಪಶ್ಚಿಮದ ಗಂಟೆಗಳನ್ನು ತೋರಿಸಿದರೆ, ಮತ್ತೊಂದು ಮುಖವು ಹಗಲನ್ನೂ ಇರುಳನ್ನೂ ಆರಾರು ಪಾಲು ಮಾಡಿ, ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಜಪಾನೀ ಜಾವಗಳನ್ನು ತೋರಿಸುತ್ತಿತ್ತು. ಅದೇ ತನಾಕ ಮುಂದೆ ಸಾಗಾ ಸಂಸ್ಥಾನದಲ್ಲಿ ಉಗಿಬಂಡಿಯ ಮಾದರಿಯನ್ನು ತಯಾರಿಸುವುದರಲ್ಲಿ ಪಾಲುಗೊಂಡು, 1875ರಲ್ಲಿ ಟೋಕಿಯೊದಲ್ಲಿ ತಂತಿ (ಟೆಲಿಗ್ರಾಫ್) ಉಪಕರಣಗಳ ಕಾರ್ಖಾನೆ ತೆರೆದನು. ತೋಶಿಬಾ ಕಂಪನಿಯ ಬೇರು ಅಲ್ಲಿದೆ. ಜಪಾನಿನ ಬಾಗಿಲು ತೆರೆಸಲು ಅಮೆರಿಕದ ನೌಕಾಧಿಕಾರಿ ಪೆರಿ 1853ರಲ್ಲಿ ಹಡಗುಗಳೊಂದಿಗೆ ಬರುವ ಮೊದಲೇ ಸಾಗಾದವರು ಡಚ್ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಫಿರಂಗಿ ಎರಕದ ಕುಲುಮೆ ಕಟ್ಟಿದ್ದರು ಎಂಬುದನ್ನೂ ಮರೆಯಬಾರದು.

ಹಾಗೆಂದು ಎರಡನೆಯ ವಾದವನ್ನು ಇಡಿಯಾಗಿ ಒಪ್ಪಲಾಗದು. ಸಾವಿರ ವರ್ಷಕ್ಕೂ ಮಿಕ್ಕಿ ಒಟ್ಟಿಗೇ ಪೂಜೆಗೊಳ್ಳುತ್ತಿದ್ದ ಬುದ್ಧರನ್ನೂ ಜಪಾನಿನ ಸ್ವಂತ ಧರ್ಮವಾದ ಶಿಂತೋದ ದೇವತೆಗಳನ್ನೂ 1868ರಲ್ಲಿ ಆಜ್ಞೆ ಹೊರಡಿಸಿ ಬೇರ್ಪಡಿಸಿದ್ದು ಹೊಸ ಸರ್ಕಾರವೇ. ಪ್ರಾಚೀನವೆಂದು ಅದು ಮೆರೆಸಿದ್ದರಲ್ಲಿ ಬಹಳಷ್ಟು ಆಗಷ್ಟೇ ರೂಪುಗೊಂಡದ್ದು.

ಪ್ರಶ್ನೆ: ಇದರಲ್ಲಿ ಭಾರತದ ಪಾಲೇನಾದರೂ ಇದೆಯೇ?

ಉತ್ತರ: ಇದೆ, ಆದರೆ ಹೆಚ್ಚಿನದು ಚೀನಾ, ಕೊರಿಯಾಗಳ ಮೂಲಕ ಹೋದದ್ದು. ಅಂದಿನ ರಾಜಧಾನಿ ನಾರಾದ ಮಹಾಬುದ್ಧನ ವಿಗ್ರಹಕ್ಕೆ 752ರಲ್ಲಿ ಕಣ್ಣು ಬರೆದವನು ಭಾರತೀಯ ಭಿಕ್ಷು ಬೋಧಿಸೇನ. ಅದಕ್ಕಿಂತ ಕುತೂಹಲದ್ದು ಅಕ್ಷರಗಳ ಕ್ರಮ. ಅಲ್ಲಿನ ಬೌದ್ಧರು ಸಂಸ್ಕೃತ ಮಂತ್ರಗಳಿಗಾಗಿ ಭಾರತದ ಸಿದ್ಧಂ ಲಿಪಿ ಕಲಿತದ್ದರ ಪ್ರಭಾವದಿಂದ ಜಪಾನೀ ಅಕ್ಷರಗಳು ಅ, ಇ, ಉ, ಎ, ಒ ಎಂದೂ, ಕ, ಸ, ತ, ನ, ಹ, ಮ, ಯ, ರ, ವ ಎಂದೂ ಸಾಲುಗೊಂಡವು. ಪವರ್ಗದ ಜಾಗದಲ್ಲಿ 'ಹ' ಕುಳಿತಿರುವುದಕ್ಕೆ ಕಾರಣ, ಆ ಧ್ವನಿ ಹಿಂದೆ 'ಪ' ಆಗಿದ್ದುದು. ಪಾಲು ಹಾಲಾದ ಭಾಷೆಯ ನಮಗೆ ಇದು ವಿಚಿತ್ರವೆನಿಸದು. ಎಲ್ಲ ಅಕ್ಷರಗಳೂ ಒಂದೊಂದು ಸಲ ಬರುವ ಪದ್ಯವೊಂದರ ಅಕ್ಷರಕ್ರಮವೇ ರೂಢಿಯಲ್ಲಿದ್ದಾಗ, ಓತ್ಸುಕಿ ಫುಮಿಹಿಕೊ 1891ರಲ್ಲಿ ಮುಗಿಸಿದ ಆಧುನಿಕ ನಿಘಂಟು ಈ ಕ್ರಮವನ್ನೇ ಅನುಸರಿಸಿತು. ಇಂದು ಜಪಾನಿನ ಶಾಲಾ ಮಕ್ಕಳ ಹಾಜರಿ ಪಟ್ಟಿಗಳೂ ಸಾಮಾನ್ಯವಾಗಿ ಇದೇ ಸಾಲಿನಲ್ಲಿರುತ್ತವೆ.