120 ಅರ್ಜಿ, ಮೂರೇ ಕಾಲ್

ಪ್ರಶ್ನೆ: ಮೇಡಂ, ನಾನು ಡಿಪ್ಲೊಮಾ ಮುಗಿಸಿ ಆಮೇಲೆ ಮೆಕ್ಯಾನಿಕಲ್ ಬಿಇ ಮಾಡಿದೀನಿ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಒಂದು ವರ್ಷದಲ್ಲಿ 120 ಕಡೆ ಅಪ್ಲೈ ಮಾಡಿದೀನಿ, ಬಂದಿದ್ದು ಮೂರೇ ಕಾಲ್, ಅದ್ರಲ್ಲೂ ಒಂದು ದುಡ್ಡು ಕೇಳೋ ಕನ್ಸಲ್ಟೆನ್ಸಿಯದು. ನನಗಿಂತ ಕಡಿಮೆ ಮಾರ್ಕ್ಸ್ ತಗೊಂಡ ಕ್ಲಾಸ್‌ಮೇಟ್ಸ್‌ಗೆ ಕರೀತಿದಾರೆ. ಹೆಸರು, ಊರು ನೋಡೇ ಬಿಟ್ಬಿಡ್ತಾರಾ?
– ಓದುಗ, ಸಿಂಧನೂರು

ಬಿಡೋರು ಇದಾರೆ. ಇಲ್ಲ ಅಂತ ಹೇಳಿ ನಿಮ್ಮನ್ನ ಸಮಾಧಾನ ಮಾಡೋಕೆ ನಂಗೆ ಮನಸ್ಸಿಲ್ಲ, ಯಾಕಂದ್ರೆ ಹದಿನೆಂಟು ವರ್ಷ ಬೆಂಗಳೂರಲ್ಲಿ ಹೆಚ್‌ಆರ್ ಕೆಲಸ ಮಾಡಿ ನಾನೂ ಬಿಟ್ಟಿದೀನಿ. ಒಂದ್ಸಲ ಸಂಜೆ ಆರು ಗಂಟೆ, ಇನ್ನೂ ಇನ್ನೂರು ರೆಸ್ಯೂಮ್ ಬಾಕಿ, ಒಂದ್ರಲ್ಲಿ ದೇವದುರ್ಗ ತಾಲ್ಲೂಕಿನ ಅಡ್ರೆಸ್, ಕೇರ್ ಆಫ್ ಅಪ್ಪನ ಹೆಸರು, ಪೋಸ್ಟು, ಪಿನ್‌ಕೋಡು ಎಲ್ಲಾ ಇತ್ತು. ಇಷ್ಟು ದೂರದೋನು ಬರ್ತಾನೋ ಇಲ್ವೋ ಅಂದ್ಕೊಂಡು ಪಕ್ಕಕ್ಕೆ ಹಾಕ್ದೆ. ಆಮೇಲೆ ಗೊತ್ತಾಯ್ತು, ಆ ಹುಡುಗ ಎಂಟು ತಿಂಗಳಿಂದ ಮಡಿವಾಳದ ಪಿಜಿಯಲ್ಲೇ ಇದ್ದ, ನಮ್ಮ ಆಫೀಸಿಂದ ಎರಡು ಸ್ಟಾಪ್!

ಇದು ನನ್ನೊಬ್ಬಳ ಕಥೆ ಅಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅನ್ನೋ ಸಂಶೋಧಕರು ನಮ್ಮ ದೇಶದ ಇಂಗ್ಲಿಷ್ ಪೇಪರ್‌ಗಳಲ್ಲಿ ಬಂದ 548 ಖಾಸಗಿ ಕೆಲಸದ ಜಾಹೀರಾತುಗಳಿಗೆ ತಾವೇ ಸೃಷ್ಟಿಸಿದ 4808 ಅರ್ಜಿ ಕಳಿಸಿ ನೋಡಿದ್ರು, 2007ರಲ್ಲಿ ಪ್ರಕಟ ಆಯ್ತು. ಓದು ಒಂದೇ ಥರ, ಬೇರೆ ಇದ್ದಿದ್ದು ಹೆಸರು. ಆಡ್ಸ್ ಅಂತಾರಲ್ಲ, ಅಂದ್ರೆ ಕಾಲ್ ಬರೋದಕ್ಕೂ ಬರದೇ ಇರೋದಕ್ಕೂ ಇರೋ ಅನುಪಾತ, ಆ ಲೆಕ್ಕದಲ್ಲಿ ಮೇಲ್ಜಾತಿ ಹಿಂದೂ ಹೆಸರಿನೋರಿಗೆ 1 ಅಂದ್ರೆ ದಲಿತ ಹೆಸರಿನೋರಿಗೆ 0.67, ಮುಸ್ಲಿಂ ಹೆಸರಿನೋರಿಗೆ 0.33. ಅಮೆರಿಕದ ಬಾಸ್ಟನ್, ಶಿಕಾಗೊದಲ್ಲೂ ಸುಮಾರು 5000 ರೆಸ್ಯೂಮ್ ಹಿಂಗೇ ಕಳಿಸಿ ನೋಡಿದಾರೆ, ಬಿಳಿಯರ ಹೆಸರಿದ್ರೆ ಹತ್ತು ಅರ್ಜಿಗೆ ಒಂದು ಕಾಲ್, ಕಪ್ಪುಜನರ ಹೆಸರಿದ್ರೆ ಹದಿನೈದಕ್ಕೆ ಒಂದು. ಎಲ್ಲಾದ್ರಲ್ಲೂ ಅರ್ಜಿ ಹಾಕಿದೋರ ಮುಖ ಯಾರೂ ನೋಡಿಲ್ಲ, ಇನ್ನೂ ಮಾತೇ ಆಗಿಲ್ಲ.

ಹೆಸರು ಬದಲಾಯ್ಸಿ ಅಂತ ನಾನು ಹೇಳಲ್ಲ. ಆದ್ರೆ ನೀವಾಗೇ ಪುಕ್ಕಟೆ ಕೊಡ್ತಿರೋದನ್ನ ನಿಲ್ಸಿ. ಅಪ್ಪನ ಹೆಸರು, ಧರ್ಮ, ಮದುವೆ ಆಗಿದ್ಯಾ ಇಲ್ವಾ, ಫೋಟೋ, ಪೂರ್ತಿ ಅಡ್ರೆಸ್, ಹತ್ತನೇ ಕ್ಲಾಸ್ ಯಾವ ಮೀಡಿಯಂ, ಇದ್ಯಾವುದೂ ಬೇಡ. ಬೆಂಗಳೂರಲ್ಲಿ ಇದ್ರೆ ಬೆಂಗಳೂರು ಅಂತ ಬರೀರಿ, ಊರಲ್ಲಿದ್ರೆ ತಕ್ಷಣ ಬರೋಕೆ ರೆಡಿ ಅಂತ ಒಂದು ಸಾಲು ಹಾಕಿ. ಮೇಲ್ಗಡೆ 'ಕೆರಿಯರ್ ಆಬ್ಜೆಕ್ಟಿವ್' ಅಂತ ನಾಲ್ಕು ಸಾಲು ಹಾಕ್ತೀರಲ್ಲ, ಅದನ್ನ ನಾನು ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ಪೂರ್ತಿ ಓದಿಲ್ಲ, ಎಲ್ರದ್ದೂ ಒಂದೇ ಅಂಗಡಿಯಲ್ಲಿ ಜೆರಾಕ್ಸ್ ಮಾಡ್ಸಿದ ಹಾಗಿರುತ್ತೆ. ಆ ಜಾಗದಲ್ಲಿ ಯಾವ ಮೆಷಿನ್ ಮೇಲೆ ಕೈಯಾರೆ ಕೆಲಸ ಮಾಡಿದೀರಿ, ಡ್ರಾಯಿಂಗ್ ಓದೋಕೆ ಬರುತ್ತಾ, ವರ್ನಿಯರ್, ಮೈಕ್ರೋಮೀಟರ್ ಹಿಡಿದು ಇನ್‌ಸ್ಪೆಕ್ಷನ್ ಮಾಡಿದೀರಾ ಅನ್ನೋದು ಬರ್ಲಿ. ಡಿಪ್ಲೊಮಾದೋರಿಗೆ ಇದ್ರಲ್ಲಿ ಕೈ ಪಳಗಿರುತ್ತೆ, ನೀವು ಅದನ್ನೇ ಎರಡನೇ ಪೇಜಿಗೆ ತಳ್ಳಿರ್ತೀರಿ. ಇನ್ನೊಂದು, ಪೀಣ್ಯ, ಬೊಮ್ಮಸಂದ್ರದ ಎಷ್ಟೋ ಸಣ್ಣ ಫ್ಯಾಕ್ಟ್ರಿಗಳು ಜಾಬ್ ಪೋರ್ಟಲ್ ಕಡೆ ತಿರುಗೂ ನೋಡಲ್ಲ, ಗೇಟಿಗೆ ಬೋರ್ಡ್ ಹಾಕ್ತಾರೆ ಅಷ್ಟೇ, ಎರಡು ದಿನ ಓಡಾಡಿ ಬನ್ನಿ.

ಪ್ರಶ್ನೆ: ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಐದು ವರ್ಷ ಕೆಲಸ ಮಾಡಿ ಮಗು ಆದ್ಮೇಲೆ ಬಿಟ್ಟೆ, ಈಗ ಮೂರು ವರ್ಷ ಗ್ಯಾಪ್. ರೆಸ್ಯೂಮಲ್ಲಿ ಕಾರಣ ಬರೀಬೇಕಾ, ಮುಚ್ಚಿಡ್ಬೇಕಾ?
– ಓದುಗರು, ಮೈಸೂರು

'ಮಗುನ ಯಾರು ನೋಡ್ಕೋತಾರೆ?' ಇಂಟರ್‌ವ್ಯೂಗೆ ಬಂದ ಹೆಣ್ಣುಮಕ್ಕಳಿಗೆ ಈ ಪ್ರಶ್ನೆನ ನಾನೇ ವರ್ಷಗಟ್ಟಲೆ ಕೇಳಿದೀನಿ, ಒಬ್ಬ ಗಂಡಸಿಗೂ ಕೇಳಿಲ್ಲ, ಈಗ ನೆನಪಾದ್ರೆ ನಾಚಿಕೆ ಆಗುತ್ತೆ. ಅಮೆರಿಕದಲ್ಲಿ ಶೆಲ್ಲಿ ಕೊರೆಲ್ ಅನ್ನೋ ಸಂಶೋಧಕಿ ಮತ್ತೆ ಇನ್ನಿಬ್ಬರು 2007ರಲ್ಲಿ ತೋರ್ಸಿದ್ರು, ಒಂದೇ ಯೋಗ್ಯತೆ ಇದ್ರೂ ಅಮ್ಮ ಅಂತ ಗೊತ್ತಾಗೋ ರೆಸ್ಯೂಮ್‌ಗಿಂತ ಮಕ್ಕಳಿಲ್ಲದ ಹೆಂಗಸಿನ ರೆಸ್ಯೂಮ್‌ಗೆ 2.1 ಪಟ್ಟು ಕಾಲ್ ಬಂತು, ಅಪ್ಪಂದಿರಿಗೆ ಏನೂ ನಷ್ಟ ಆಗ್ಲಿಲ್ಲ. ನಮ್ಮಲ್ಲಿ 2017ರಿಂದ ಹೆರಿಗೆ ರಜೆ 12 ವಾರದಿಂದ 26 ವಾರ ಆಯ್ತು, ಒಳ್ಳೇದೇ, ಆದ್ರೆ ಇಎಸ್‌ಐ ವಿಮೆ ಇಲ್ಲದೋರಿಗೆ ಸಂಬಳ ಕೊಡೋ ಭಾರ ಪೂರ್ತಿ ಕಂಪನಿ ಮೇಲೇ ಬಿತ್ತು, ಹೊಸದಾಗಿ ಮದುವೆ ಆದೋಳು ಅಂದ್ರೆ ಲೆಕ್ಕ ಹಾಕೋ ಮ್ಯಾನೇಜರ್‌ಗಳನ್ನ ಕಣ್ಣಾರೆ ನೋಡಿದೀನಿ.

ಹಂಗಂತ ತಾರೀಖು ತಿದ್ದಬೇಡಿ, ಪಿಎಫ್ ದಾಖಲೆಯಲ್ಲಿ ಎಲ್ಲಾ ಇದೆ. 'ಕುಟುಂಬದ ಕಾರಣಕ್ಕೆ ವಿರಾಮ' ಅಂತ ಒಂದೇ ಸಾಲು, ಅದ್ರ ಕೆಳಗೆ ಕಳೆದ ಆರು ತಿಂಗಳಲ್ಲಿ ಏನು ಕಲಿತ್ರಿ ಅನ್ನೋದು. ಮ್ಯಾನುಯಲ್ ಟೆಸ್ಟಿಂಗ್ ಮಾತ್ರ ಗೊತ್ತಿದ್ರೆ ಟೆಸ್ಟಿಂಗ್ ತಾನಾಗೇ ನಡೆಯೋ ಹಾಗೆ ಮಾಡೋ ಸೆಲೆನಿಯಂ ಟೂಲ್ ಕಲೀರಿ, ಕೋಡ್ ಹಂಚ್ಕೊಳ್ಳೋ ಗಿಟ್‌ಹಬ್ ಸೈಟ್‌ನಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಹಾಕಿ ಲಿಂಕ್ ಕೊಡಿ. ಮಗು ಬಗ್ಗೆ ಕೇಳಿದ್ರೆ 'ಮನೇಲಿ ವ್ಯವಸ್ಥೆ ಇದೆ' ಅಂದು ಸುಮ್ಮನಾಗಿ, ಅತ್ತೆ ಆರೋಗ್ಯದ ಕಥೆಯೆಲ್ಲಾ ಹೇಳೋಕೆ ಹೋಗ್ಬೇಡಿ.

ಪ್ರಶ್ನೆ: ಕೆಲಸ ಮಾಡದೇ ಇದ್ರೂ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಕೊಡ್ತೀವಿ ಅಂತ ಯಾರೋ ಹೇಳ್ತಿದಾರೆ, ತಗೊಳ್ಲಾ?
– ಓದುಗ, ತುಮಕೂರು

ಬೇಡ. ಪಿಎಫ್ ಕಟ್ಟೋ ಕಂಪನಿಗಳಲ್ಲಿ ನೀವು ಎಲ್ಲೆಲ್ಲಿ ಕೆಲಸ ಮಾಡಿದ್ರಿ ಅನ್ನೋದು ಯುಎಎನ್ ಅನ್ನೋ ಪಿಎಫ್ ನಂಬರ್ ಹಾಕಿದ್ರೆ ಬಂದ್ಬಿಡುತ್ತೆ. ಸೇರಿ ಮೂರು ತಿಂಗಳಾದ್ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಸಿಕ್ಕಿ ಅದೇ ದಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೋದೋರನ್ನ ನಾನೇ ಲಿಫ್ಟ್‌ವರೆಗೂ ಬಿಟ್ಟು ಬಂದಿದೀನಿ.

ಪ್ರಶ್ನೆ: ಯಾರಾದ್ರೂ ರೆಫರ್ ಮಾಡಿದ್ರೇ ಕೆಲಸ ಅಂತಾರೆ, ನನಗೆ ಐಟಿಯಲ್ಲಿ ನೆಂಟರು ಯಾರೂ ಇಲ್ವಲ್ಲ?
– ಓದುಗರು, ಶಿರಸಿ

ನೆಂಟರೇ ಆಗ್ಬೇಕಿಲ್ಲ. ಲಿಂಕ್ಡ್‌ಇನ್‌ನಲ್ಲಿ ಐದು ವರ್ಷ, 2 ಕೋಟಿ ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು, ತೀರಾ ಹತ್ರದೋರಿಗಿಂತ ಸ್ವಲ್ಪ ಪರಿಚಯ ಇರೋರಿಂದಾನೇ ಹೆಚ್ಚು ಜನ ಕೆಲಸ ಬದಲಾಯಿಸಿದಾರೆ. ನಿಮ್ಮ ಕಾಲೇಜಿನ ಎರಡು ವರ್ಷ ಹಿರಿಯರು ಯಾರ್ಯಾರು ಎಲ್ಲಿದಾರೆ ಅಂತ ಹುಡುಕಿ. ರೆಫರಲ್ ಬೋನಸ್ ಸಿಗೋ ಕಂಪನಿಗಳಲ್ಲಿ ಅವ್ರಿಗೂ ಲಾಭಾನೇ, ಆದ್ರಿಂದ ಸಂಕೋಚ ಬೇಡ. 'ಅಣ್ಣಾ ಒಂದು ಕೆಲಸ ಕೊಡ್ಸಿ' ಅಂತ ಮಾತ್ರ ಮೆಸೇಜ್ ಹಾಕ್ಬೇಡಿ, ಅದಕ್ಕೆ ಉತ್ತರ ಕೊಡೋದು ಹೆಂಗೆ ಅಂತ ಅವ್ರಿಗೇ ಗೊತ್ತಾಗಲ್ಲ. ಜಾಹೀರಾತಲ್ಲಿರೋ ಜಾಬ್ ಐಡಿ, ನಿಮ್ಮ ಬಗ್ಗೆ ಎರಡು ಸಾಲು, ರೆಸ್ಯೂಮ್ ಪಿಡಿಎಫ್, ಮೂರೂ ಒಂದೇ ಮೆಸೇಜಲ್ಲಿ ಕಳ್ಸಿ. ಫೈಲ್ ಹೆಸರು 'ಫೈನಲ್ ನ್ಯೂ 3' ಅಂತ ಇರ್ಬಾರ್ದು, ನಿಮ್ಮ ಹೆಸರೇ ಇರ್ಲಿ.