ಆಂಡ್ರಾಯ್ಡ್ ಮಾಡಿದರೆ ಕಾಪಿ, ಆಪಲ್ ಮಾಡಿದರೆ ಹೊಸತು ಅನ್ನೋದು ಯಾಕೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಒಂದೇ ಫೀಚರ್ ಆಂಡ್ರಾಯ್ಡ್‌ಗೆ ಬಂದರೆ ರಿವ್ಯೂ ಮಾಡುವವರು ಕಾಪಿ ಹೊಡೆದರು ಎನ್ನುತ್ತಾರೆ, ಐಫೋನಿಗೆ ಬಂದರೆ ತಡವಾದರೂ ಚೆನ್ನಾಗಿ ಮಾಡಿದ್ದಾರೆ ಎನ್ನುತ್ತಾರೆ, ಯಾಕೆ? ಇವರೆಲ್ಲ ದುಡ್ಡು ತಗೊಂಡೇ ಮಾತಾಡ್ತಾರಾ?

ನಾನು ದಾವಣಗೆರೆಯ ಒಂದು ಮೊಬೈಲ್ ಅಂಗಡಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು. ಮಾರಾಟ, ರಿಪೇರಿ ಎರಡೂ ಮಾಡಿದ್ದೇನೆ. ರಿವ್ಯೂ ವಿಡಿಯೊ ತೋರಿಸಿ "ಇದೇ ಕೊಡಿ" ಎಂದವರು ಎರಡು ವರ್ಷ ಬಿಟ್ಟು ಅದೇ ಫೋನ್ ಹಿಡಿದು ಬೇಜಾರಿನಲ್ಲಿ ಬಂದಿದ್ದನ್ನೂ ನೋಡಿದ್ದೇನೆ. ಅಲ್ಲಿ ನಿಂತು ಕಂಡಿದ್ದನ್ನೇ ಹೇಳುತ್ತೇನೆ.

ಕಾಪಿ ಎರಡೂ ಕಡೆ ಆಗಿದೆ, ಧಾರಾಳವಾಗಿ ಆಗಿದೆ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲೇ ಮೇಲಿಂದ ಬೆರಳು ಎಳೆದರೆ ನೋಟಿಫಿಕೇಶನ್‌ಗಳ ಪಟ್ಟಿ ಇಳಿದು ಬರುತ್ತಿತ್ತು. ಐಫೋನಿನಲ್ಲಿ ಆಗ ಮೆಸೇಜ್ ಬಂದರೆ ಪರದೆಯ ನಡುವೆ ಒಂದು ಡಬ್ಬಿ ಎದ್ದು ನಿಲ್ಲುತ್ತಿತ್ತು, ಅದನ್ನು ಮುಚ್ಚದೆ ಮುಂದಿನ ಕೆಲಸ ನಡೆಯುತ್ತಿರಲಿಲ್ಲ. 2011ರಲ್ಲಿ ಐಫೋನಿನ ತಂತ್ರಾಂಶ ಐಒಎಸ್‌ನ 5ನೇ ಆವೃತ್ತಿ ಬಂದಾಗ ಆಪಲ್ ಕೂಡ ಮೇಲಿಂದ ಎಳೆಯುವ ಪಟ್ಟಿಯನ್ನೇ ತಂದಿತು. ಹೋಮ್ ಸ್ಕ್ರೀನ್ ಮೇಲೆ ಆ್ಯಪ್‌ಗಳ ನಡುವೆ ವಿಜೆಟ್ (ಹವಾಮಾನ, ಗಡಿಯಾರದಂಥ ಮಾಹಿತಿಯನ್ನು ಆ್ಯಪ್ ತೆರೆಯದೆಯೇ ತೋರಿಸುವ ಚೌಕ) ಇಡಲು ಐಫೋನಿನವರು 2020ರ ತನಕ ಕಾದರು.

ಇನ್ನು ಈ ಕಡೆಯಿಂದ ನೋಡಿ. ಆಂಡ್ರಾಯ್ಡ್‌ನಲ್ಲಿ ಮೊದಲು ಆ್ಯಪ್ ಹಾಕುವಾಗಲೇ ಅನುಮತಿಗಳ ಒಂದು ಉದ್ದ ಪಟ್ಟಿ ಬರುತ್ತಿತ್ತು, ಎಲ್ಲಕ್ಕೂ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಆ್ಯಪ್ ಬಿಡಬೇಕು. ಒಂದು ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ ಓದಲು ಕೇಳಿದರೂ ಜನ ಸುಮ್ನೆ ಒತ್ತಿಬಿಡುತ್ತಿದ್ದರು. ಐಫೋನ್ 2012ರಿಂದಲೇ ಕಾಂಟ್ಯಾಕ್ಟ್ ಓದುವ ಮೊದಲು ಬೇರೆಯಾಗಿ ಕೇಳುತ್ತಿತ್ತು. ಹೀಗೆ ಒಂದೊಂದನ್ನೂ ಬೇಕಾದಾಗ ಕೇಳುವ ರೀತಿ ಆಂಡ್ರಾಯ್ಡ್‌ಗೆ ಬಂದಿದ್ದು 2015ರಲ್ಲಿ, 6.0 ಆವೃತ್ತಿಯಲ್ಲಿ. ಮೈಕ್ ಅಥವಾ ಕ್ಯಾಮೆರಾ ಆನ್ ಆದರೆ ಮೇಲೆ ಕಾಣುವ ಬಣ್ಣದ ಚುಕ್ಕೆಯೂ ಹಾಗೆಯೇ: ಐಫೋನಿನಲ್ಲಿ 2020, ಆಂಡ್ರಾಯ್ಡ್‌ನಲ್ಲಿ 2021. ಇದನ್ನು ಕಾಪಿ ಎಂದು ಬೈದರೆ ನಷ್ಟ ಯಾರಿಗೆ? ನಮ್ಮ ಅಂಗಡಿಗೆ ಬರುತ್ತಿದ್ದ ಸಾವಿರಾರು ಜನ ಅದರಿಂದ ಸ್ವಲ್ಪ ಸುರಕ್ಷಿತವಾದರು.

ಮೂಲ ಯಾರದ್ದು ಎಂದು ಹುಡುಕಲು ಹೊರಟರೆ ಎರಡು ಕಂಪನಿಯನ್ನೂ ದಾಟಿ ಹೋಗಬೇಕಾಗುತ್ತದೆ. ತೆರೆದ ಆ್ಯಪ್‌ಗಳನ್ನು ಕಾರ್ಡ್‌ಗಳ ಹಾಗೆ ಸಾಲಾಗಿ ತೋರಿಸಿ, ಮೇಲಕ್ಕೆ ತಳ್ಳಿ ಮುಚ್ಚುವುದು 2009ರ ಪಾಮ್ ಪ್ರೀ ಫೋನಿನಲ್ಲಿತ್ತು. ಆ ಫೋನಿನ ತಂತ್ರಾಂಶ ವೆಬ್‌ಒಎಸ್‌ನ ವಿನ್ಯಾಸ ನೋಡಿಕೊಂಡಿದ್ದ ಮಟಿಯಾಸ್ ಡುಆರ್ಟೆ 2010ರಲ್ಲಿ ಆಂಡ್ರಾಯ್ಡ್ ಮಾಡುವ ಗೂಗಲ್ ಸೇರಿದರು. 2017ರ ಐಫೋನ್ ಟೆನ್‌ನಲ್ಲಿ ಅದೇ ಬಗೆಯ ಸನ್ನೆಗಳು ಬಂದವು, ಆಮೇಲೆ ಆಂಡ್ರಾಯ್ಡ್ ಐಫೋನಿನ ಹಿಂದೆ ಹೋಯಿತು. ಪಾಮ್ ಹೆಸರು ಎಷ್ಟು ರಿವ್ಯೂಗಳಲ್ಲಿ ಕೇಳಿದ್ದೀರಿ? ಕಂಪ್ಯೂಟರ್‌ನಲ್ಲೂ ಇದೇ ಕಥೆ. ಆಪಲ್‌ನವರು 1979ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಹೋಗಿ ಮೌಸ್, ವಿಂಡೋ ಎಲ್ಲ ನೋಡಿ ಬಂದಿದ್ದರು, 1984ರಲ್ಲಿ ಮ್ಯಾಕ್ ತಂದರು, 1988ರಲ್ಲಿ ವಿಂಡೋಸ್ ನಮ್ಮ ಕಾಪಿ ಎಂದು ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿ ಕೊನೆಗೆ ಸೋತರು.

ಹಾಗಾದರೆ ರಿವ್ಯೂನಲ್ಲಿ ಪದ ಬದಲಾಗುವುದು ಯಾಕೆ? ದುಡ್ಡು ಒಂದು ಕಾರಣ, ಇಲ್ಲ ಎನ್ನಲಾರೆ. ಅಮೆರಿಕದಲ್ಲಿ ಗೂಗಲ್ ಪಿಕ್ಸೆಲ್ 4 ಫೋನನ್ನು ಕೈಯಲ್ಲೂ ಹಿಡಿಯದ ರೇಡಿಯೊ ನಿರೂಪಕರಿಂದ "ನಾನು ಬಳಸಿದೆ, ಇಷ್ಟವಾಯಿತು" ಎಂಬ ಜಾಹೀರಾತು ಓದಿಸಿದ್ದಕ್ಕೆ 2022ರಲ್ಲಿ ಗೂಗಲ್ ಮತ್ತು ರೇಡಿಯೊ ಕಂಪನಿ ಐಹಾರ್ಟ್‌ಮೀಡಿಯಾ ಸೇರಿ 94 ಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮ ಅಂಗಡಿಗೂ ಒಂದು ಕಂಪನಿಯ ಪ್ರತಿನಿಧಿ ಬಂದು, ಶಾಪಿಂಗ್ ಸೈಟಿನಲ್ಲಿ ಐದು ಸ್ಟಾರ್ ಹಾಕಿದರೆ ತಲೆಗಿಷ್ಟು ಎಂದು ಕೇಳಿದ್ದ. ನಾವು ಆಗುವುದಿಲ್ಲ ಎಂದೆವು.

ಆದರೆ ಹೆಚ್ಚಿನವರದ್ದು ದುಡ್ಡಿನ ವಿಷಯ ಅಲ್ಲ ಅಂತ ನನ್ನ ನಂಬಿಕೆ. ಹೊಸ ಫೋನ್ ಮಾರುಕಟ್ಟೆಗೆ ಬರುವ ಮೊದಲೇ ಕಂಪನಿ ಕಳಿಸಿಕೊಡುತ್ತದೆ, ಇಂಥ ದಿನ ಇಷ್ಟು ಗಂಟೆಗೆ ಮೊದಲು ಏನೂ ಹೇಳಬಾರದು ಎನ್ನುತ್ತದೆ, ಆ ಗಂಟೆಗೆ ವಿಡಿಯೊ ಹಾಕಿದವನಿಗೆ ಜನ ಸಿಗುತ್ತಾರೆ, ಹಾಕದವನಿಗೆ ಇಲ್ಲ. ಮುಂದಿನ ಫೋನ್ ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಯಾರೂ ಹೇಳದೆಯೂ ಮನಸ್ಸಿನಲ್ಲಿ ಕೂರುತ್ತದೆ. 2024ರ ಆಗಸ್ಟ್‌ನಲ್ಲಿ ಪಿಕ್ಸೆಲ್ 9 ಬಂದಾಗ ವಿಡಿಯೊ ಮಾಡುವವರಿಗೆ ಫೋನ್ ಕಳಿಸುವ ಗೂಗಲ್‌ನ ಒಂದು ಯೋಜನೆ ಇದನ್ನು ಬರವಣಿಗೆಯಲ್ಲೇ ಹಾಕಿತ್ತು: ಬೇರೆ ಬ್ರ್ಯಾಂಡನ್ನು ಹೆಚ್ಚು ಮೆಚ್ಚಿದಂತೆ ಕಂಡರೆ ಸಂಬಂಧ ಮುಗಿಯಬಹುದು ಎಂದು. ಗಲಾಟೆಯಾದ ಮೇಲೆ ಆ ಸಾಲನ್ನು ತೆಗೆದರು. ಜೊತೆಗೆ ಕೈ ರೂಢಿ ಅನ್ನೋದೊಂದು ಇದೆ ಅಲ್ವಾ? ಹತ್ತು ವರ್ಷ ಐಫೋನ್ ಹಿಡಿದವನಿಗೆ ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್ ಗೊಂದಲ ಅನಿಸುತ್ತದೆ, ಆಂಡ್ರಾಯ್ಡ್‌ನವನಿಗೆ ಐಫೋನ್ ಜೈಲು ಅನಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನನಗೆ ನಿಜವಾಗಿ ನೋವಾಗುವುದು ರಿವ್ಯೂನಲ್ಲಿ ಬರದೇ ಹೋಗುವ ಮಾತುಗಳ ಬಗ್ಗೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹರಿಹರ, ಚನ್ನಗಿರಿ ಕಡೆಯಿಂದ ಬಂದವರು ಕೇಳುತ್ತಿದ್ದ ಮೊದಲ ಪ್ರಶ್ನೆ "ಇದರಲ್ಲಿ ಕನ್ನಡ ಬರುತ್ತಾ?" ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಂದರೆ ಬರೀ ಚೌಕಗಳ ಸಾಲು. ಒಪೆರಾ ಮಿನಿ ಬ್ರೌಸರ್ ಹಾಕಿ, ಅದರ ಒಳಗಿನ ಒಂದು ಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರದ ಹಾಗೆ ತರಿಸಿ ಪೇಪರ್ ಓದಿಸಿಕೊಡುತ್ತಿದ್ದೆವು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಗೂಗಲ್ ಬೆಂಬಲ ಕೊಟ್ಟಿತು, ಆದರೆ ಹಳೇ ಆವೃತ್ತಿಯ ಫೋನುಗಳು ಅದಾದ ಮೇಲೂ ಮಾರಾಟವಾಗುತ್ತಲೇ ಇದ್ದವು. ನಾನು ನೋಡಿದ ಯಾವ ದೊಡ್ಡ ರಿವ್ಯೂನಲ್ಲೂ ಇದರ ಸುದ್ದಿ ಇರಲಿಲ್ಲ. ಬೇರೆಯವರು ಮಾಡಿದ ಕೀಬೋರ್ಡ್ ಹಾಕಿಕೊಳ್ಳಲು ಆಂಡ್ರಾಯ್ಡ್ 2009ರಲ್ಲೇ ಬಿಟ್ಟಿತ್ತು, ಆಪಲ್ ಬಿಟ್ಟಿದ್ದು 2014ರಲ್ಲಿ. ಇಂಗ್ಲಿಷ್ ರಿವ್ಯೂನವರಿಗೆ ಅದು ಇನ್ನೊಂದು ಕಾಪಿ. ತಮಗೆ ಒಗ್ಗುವ ಕನ್ನಡ ಕೀಬೋರ್ಡ್ ಹಾಕಿಕೊಂಡ ಐಫೋನಿನವರಿಗೆ ಅದು ಎಷ್ಟು ದೊಡ್ಡ ವಿಷಯ ಎಂದು ನಾನೇ ಕಂಡಿದ್ದೇನೆ.

ಇನ್ನೊಂದು ಬಿಟ್ಟುಹೋಗುವುದು ಕಾಲ. ಒಂದು ವಾರ ಬಳಸಿ ಹೇಳಿದ ಮಾತು ಒಂದು ವಾರದ್ದೇ. 2016ರ ಆಗಸ್ಟ್‌ನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಅನ್ನು ಹಾಡಿ ಹೊಗಳಿದರು, ಬ್ಯಾಟರಿ ಹೊತ್ತಿ ಉರಿದು ಅಕ್ಟೋಬರ್‌ನಲ್ಲಿ ಫೋನೇ ನಿಂತುಹೋಯಿತು. ಬ್ಯಾಟರಿ ಹಳೆಯದಾದರೆ ಐಫೋನಿನ ವೇಗ ತಗ್ಗಿಸುತ್ತೇವೆ ಎಂದು ಆಪಲ್ ಒಪ್ಪಿಕೊಂಡಿದ್ದು 2017ರ ಡಿಸೆಂಬರ್‌ನಲ್ಲಿ. ಯಾವ ಮೊದಲ ವಾರದ ರಿವ್ಯೂನಲ್ಲಿ ಇದು ಸಿಗುತ್ತಿತ್ತು?

ಹಾಗಾಗಿ ನನ್ನ ತಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಫೋನ್ ಕೊಂಡಿದ್ದಾ, ಕಂಪನಿ ಕಳಿಸಿದ್ದಾ ಎಂದು ಮೊದಲು ನೋಡಿ. ಪುಕ್ಕಟೆ ಸಿಕ್ಕಿದ್ದನ್ನು ಹೊಗಳುವಾಗ ಅದನ್ನು ಹೇಳಲೇಬೇಕು ಎಂದು ನಮ್ಮ ದೇಶದ ಗ್ರಾಹಕ ಇಲಾಖೆಯೂ 2023ರ ಜನವರಿಯಲ್ಲಿ ಸ್ಪಷ್ಟ ಮಾಡಿದೆ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ತಾನು ಪರೀಕ್ಷಿಸುವುದನ್ನು ಅಂಗಡಿಯಲ್ಲಿ ಕಾಸು ಕೊಟ್ಟು ಕೊಳ್ಳುತ್ತದೆ. 2010ರಲ್ಲಿ ಐಫೋನ್ 4ಕ್ಕೆ ಒಳ್ಳೆಯ ಅಂಕ ಕೊಟ್ಟರೂ, ಆಂಟೆನಾ ತೊಂದರೆ ಇದೆ, ಕೊಳ್ಳಿ ಎನ್ನಲಾರೆವು ಎಂದಿತ್ತು. ಅಂಥವರ ಮಾತಿಗೆ ತೂಕ ಜಾಸ್ತಿ. ಆಮೇಲೆ ಅದೇ ಫೋನನ್ನು ಒಂದು ವರ್ಷ ಬಳಸಿದವರು ಬರೆದಿದ್ದನ್ನು ಹುಡುಕಿ ಓದಿ. ಓದುವಾಗ ಕಂಪನಿಗಳ ಹೆಸರನ್ನು ಮನಸ್ಸಿನಲ್ಲೇ ಅದಲು ಬದಲು ಮಾಡಿ. ಆಗಲೂ ಆ ವಾಕ್ಯ ಹಾಗೆಯೇ ನಿಂತರೆ ನಂಬಿ.

ಯಾವ ಎರಡು ಫೋನಿನ ನಡುವೆ ಯೋಚಿಸುತ್ತಿದ್ದೀರಿ, ಕನ್ನಡದಲ್ಲಿ ಎಷ್ಟು ಬರೆಯುತ್ತೀರಿ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಕೆಳಗೆ ಬರೆಯಿರಿ, ಗೊತ್ತಿದ್ದಷ್ಟು ಹೇಳುತ್ತೇನೆ.