ಕಾಯುವ ತ್ರಾಣ ಯಾರಿಗಿದೆ?

ಅಭಿವೃದ್ಧಿಶೀಲ ದೇಶಗಳ ನಿರುದ್ಯೋಗಕ್ಕೆ ಜನಸಂಖ್ಯೆಯೇ ಕಾರಣವೇ, ಬೇರೆ ಸಾಮಾಜಿಕ ಕಾರಣಗಳೂ ಇವೆಯೇ ಎಂದು ಕೇಳಿದ್ದೀರಿ. ಹಿಂದೊಮ್ಮೆ ಉದ್ಯೋಗ ಸಮೀಕ್ಷೆಗಾಗಿ ಕೆಲವು ತಿಂಗಳು ಮನೆಮನೆ ಅಲೆದವನು ನಾನು. ತಲೆಗಳ ಲೆಕ್ಕಕ್ಕಿಂತ, ಕೆಲಸ ಸಿಗುವವರೆಗೆ ಕಾಯುವ ತ್ರಾಣ ಯಾರಿಗಿದೆ ಎಂಬುದು ಮುಖ್ಯ ಎಂದು ನನಗೆ ಹೊಳೆದದ್ದು ಆಗಲೇ.

ಒಂದು ಮನೆ ಇನ್ನೂ ಕಣ್ಣಮುಂದಿದೆ. ಪದವಿ ಮುಗಿಸಿದ ಕಿರಿಯ ಮಗ ಎರಡು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಅಪ್ಪನಿಗೆ ಆ ವಾರ ಸಿಕ್ಕಿದ್ದು ಒಂದೇ ದಿನದ ಕೂಲಿ. ಸೊಸೆಗೆ ದುಡಿಯುವ ಆಸೆಯಿತ್ತು. ಆದರೆ ಕಂಕುಳಲ್ಲಿ ಕೂಸು, ಹಾಸಿಗೆ ಹಿಡಿದ ಅತ್ತೆ ಇದ್ದುದರಿಂದ ಅವಳು ಕೆಲಸ ಹುಡುಕಲು ಹೊರಟಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆಗೋಲಿನಲ್ಲಿ ವಾರಕ್ಕೆ 1 ಗಂಟೆ ಹಣಕ್ಕಾಗಿ ದುಡಿದರೂ ಉದ್ಯೋಗಿಯೇ. ಕೆಲಸವೂ ಇಲ್ಲದೆ, ಹುಡುಕದೆಯೂ ಇರುವವರು ಕಾರ್ಮಿಕ ಬಲದ, ಅಂದರೆ ದುಡಿಯುವವರ ಮತ್ತು ಕೆಲಸ ಹುಡುಕುವವರ ಲೆಕ್ಕದ, ಹೊರಗೆ. ಹಾಗಾಗಿ ಮೂವರಿಗೂ ಕೆಲಸ ಬೇಕಿದ್ದ ಮನೆಯಲ್ಲಿ ನಾನು ಬರೆದುಕೊಂಡ ನಿರುದ್ಯೋಗಿ ಒಬ್ಬನೇ, ಓದಿದವನು. ಮಗನಂತೆ ಕಾಯುವ ತ್ರಾಣ ಅಪ್ಪನಿಗಿರಲಿಲ್ಲ, ಸುಮ್ಮನೆ ಕುಳಿತಿದ್ದರೆ ಒಲೆ ಉರಿಯುತ್ತಿರಲಿಲ್ಲ.

ಹಲವು ಬಡ ದೇಶಗಳಲ್ಲಿ ಅನಕ್ಷರಸ್ಥರಿಗಿಂತ ಪದವೀಧರರಲ್ಲೇ ನಿರುದ್ಯೋಗ ಹೆಚ್ಚು ಕಾಣುವುದು ಹೀಗೆ. ಈಜಿಪ್ಟ್ 1960ರ ದಶಕದಲ್ಲಿ ಪದವೀಧರರಿಗೆಲ್ಲ ಸರ್ಕಾರಿ ನೌಕರಿಯ ಭರವಸೆ ಕೊಟ್ಟಿತು. ಕ್ರಮೇಣ ಹುದ್ದೆಗಳು ಸಾಲದೆ ಸರತಿ ವರ್ಷಗಟ್ಟಲೆ ಉದ್ದವಾಯಿತು. ಕಾದವರನ್ನು ಸೋಮಾರಿಗಳೆಂದು ಜರೆಯುವುದು ಸುಲಭ. ನೌಕರಿ ಇದ್ದರೆ ಮದುವೆ, ಮರ್ಯಾದೆ ಎಂದು ಅವರ ಕಿವಿಗೆ ತುಂಬಿದ್ದು ಸಮಾಜವೇ.

ಜನಸಂಖ್ಯೆಯ ಪಾತ್ರವಿಲ್ಲ ಎನ್ನುತ್ತಿಲ್ಲ. ಇಂದಿನ ಜನನ ಪ್ರಮಾಣದ ಬಿಸಿ ಉದ್ಯೋಗ ಮಾರುಕಟ್ಟೆಗೆ ತಟ್ಟುವುದು 15–20 ವರ್ಷಗಳ ನಂತರ. ಆದರೆ ದಕ್ಷಿಣ ಕೊರಿಯಾದಲ್ಲೂ ಯುವಜನರ ದೊಡ್ಡ ಅಲೆಯೇ ಬಂದಿತ್ತು. ರಫ್ತಿಗಾಗಿ ದುಡಿಯುವ ಕಾರ್ಖಾನೆಗಳು ಅದನ್ನು ಹೀರಿಕೊಂಡವು.

ವಲಸೆಯದು ಇನ್ನೊಂದು ವಿಚಿತ್ರ. ನಗರದಲ್ಲಿ ನೂರು ಕೆಲಸ ಹುಟ್ಟಿಸಿದರೆ ಅದರ ಆಸೆಗೆ ಅದಕ್ಕೂ ಹೆಚ್ಚು ಜನ ಹಳ್ಳಿ ಬಿಟ್ಟು ಬರಬಹುದು, ನಿರುದ್ಯೋಗ ಏರಲೂಬಹುದು ಎಂದು ಅರ್ಥಶಾಸ್ತ್ರಜ್ಞರಾದ ಹ್ಯಾರಿಸ್ ಮತ್ತು ಟೊಡಾರೊ 1970ರಲ್ಲೇ ತೋರಿಸಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಗೋಡೆ ಹುಟ್ಟಿನದು. ಖಾಲಿ ಹುದ್ದೆಯ ಸುದ್ದಿ ಪತ್ರಿಕೆಗೆ ಬರುವ ಮೊದಲೇ ಬಲ್ಲವರ ಕಿವಿ ಮುಟ್ಟಿರುತ್ತದೆ. ಆ ಬಳಗದಲ್ಲಿ ನಿಮ್ಮ ಜನಾಂಗದವರೇ ಇಲ್ಲದಿದ್ದರೆ? ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಆಡಳಿತ 1994ರಲ್ಲಿ ಕೊನೆಗೊಂಡಿತು, ಆದರೆ ಅದು ಕಪ್ಪು ಜನರನ್ನು ಅಟ್ಟಿದ ಊರಾಚೆಯ ಬಡಾವಣೆಗಳು ಅಲ್ಲೇ ಉಳಿದಿವೆ. ಅಲ್ಲಿಂದ ಕೆಲಸ ಹುಡುಕಲು ಹೊರಟವನು ಸಂದರ್ಶನಕ್ಕಿಂತ ಮೊದಲು ಹೊಂದಿಸಬೇಕಾದದ್ದು ಬಸ್ ಚಾರ್ಜು.